ಕಲ್ಲವ್ವನ ಹೆಪ್ಪು

ಗಾಜಿನ ಆಚೆ ಕಲ್ಲವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಈಚೆ ಕಂಟ್ರೋಲ್ ರೂಮಿನಲ್ಲಿ ಡಾಕ್ಟರ್ ಇಂದುಮತಿ ಕುಸೂಗಲ್ಲ ಕಣ್ಣು ಮಿಟುಕಿಸದೆ ಪರದೆ ನೋಡುತ್ತಿದ್ದಳು. ಹಸಿರು ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಅಷ್ಟೇ ಎತ್ತರಕ್ಕೆ ಏಳುತ್ತಿತ್ತು. ಅದಕ್ಕೆ ತಕ್ಕ ಹಾಗೆ ಯಂತ್ರ ಸದ್ದು ಮಾಡುತ್ತಿತ್ತು: ಟಪ್ ಟಪ್ ಟಪ್ ಟಪ್, ಒಂದಿಷ್ಟು ಬಿಡುವು, ಮತ್ತೆ ಟಪ್ ಟಪ್ ಟಪ್ ಟಪ್. ನೋವು ತಿಂದ ನರದಿಂದ ಇಷ್ಟು ಅಚ್ಚುಕಟ್ಟಾದ ಗೆರೆ ಬಂದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

“ದಾದಾಪೀರ, ಇಲ್ಲಿ ನೋಡು. ಇಂಥಾ ಗೆರಿ ಎಂದಾರ ಕಂಡೀಯೇನು?”

ಯಂತ್ರ ನೋಡಿಕೊಳ್ಳುವ ದಾದಾಪೀರ ತಲೆ ಕೆರೆದುಕೊಂಡ. “ಛಲೋ ಐತ್ರಿ ಮೇಡಂ. ಆದ್ರ ಉಸಿರಿಗೂ ಹೊಂದವಲ್ದು, ನಾಡಿಗೂ ಹೊಂದವಲ್ದು. ಏನಿರಬಹುದ್ರಿ ಇದು?”

“ಆರಾಮ ಇದ್ದಾಗ ನರ ಹಿಂಗ ಇರತೈತಿ ಅಂತ ಕಾಣಸ್ತೈತಿ. ಇಷ್ಟ ದಿನ ಯಾರೂ ನೋಡಿರಲಿಲ್ಲ, ನಾವು ನೋಡಿದ್ವಿ. ನಿನಗ ಎಲ್ಲಾದ್ರಾಗೂ ಸಂಶಯಾನ.”

ದಾದಾಪೀರ ಮತ್ತೆ ಪರದೆಯತ್ತ ತಿರುಗಿದ. ಆ ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದರೂ ಎದ್ದು ಹೋಗಿ ಕಲ್ಲವ್ವ ಹೊದ್ದಿದ್ದ ಕೌದಿಯನ್ನು ಎತ್ತಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನೋಡಲಿಲ್ಲ. ದೊಡ್ಡ ಯಂತ್ರ ಕಣ್ಣ ಮುಂದೆ ಇರುವಾಗ ಕೌದಿಯ ಕಡೆ ಯಾರ ಲಕ್ಷ್ಯ ಹೋಗುತ್ತದೆ?

ಇಂದುಮತಿ ಹುಬ್ಬಳ್ಳಿಯಲ್ಲಿ ಹೆಸರು ಮಾಡಿದ ನೋವಿನ ಡಾಕ್ಟರು. ವರ್ಷಗಟ್ಟಲೆ ನೋವು ಹೊತ್ತುಕೊಂಡು, ಎಲ್ಲ ಬಾಗಿಲು ತಟ್ಟಿ, ಎಲ್ಲ ಎಣ್ಣೆ ಹಚ್ಚಿ, ಕೊನೆಗೆ ಬರುವವರು ಅವಳಲ್ಲಿಗೇ ಬರುತ್ತಿದ್ದರು. ಸ್ಕ್ಯಾನ್ ನೋಡುತ್ತ ನರದ ಬುಡಕ್ಕೆ ಸೂಜಿ ಇಳಿಸಿ ಔಷಧ ಬಿಡುವುದರಲ್ಲಿ ಅವಳ ಕೈಯನ್ನು ಮೀರಿಸುವವರಿರಲಿಲ್ಲ. ಆದರೆ ಆ ಸುಖ ಕೆಲವೇ ವಾರ. ಆಮೇಲೆ ನೋವು ತವರಿಗೆ ಹೋಗಿ ಬಂದ ಸೊಸೆಯ ಹಾಗೆ ತನ್ನ ಜಾಗಕ್ಕೆ ಮರಳುತ್ತಿತ್ತು. ರೋಗಿಗಳು ಮತ್ತೆ ಬಂದು ಬಾಗಿಲಲ್ಲಿ ನಿಂತಾಗ ಅವಳಿಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹಾಗಾಗಿ ಹುಟ್ಟಿದ್ದು ಆ ಪ್ರಶ್ನೆ. ನೋವಿನ ಬಾಯಿ ಮುಚ್ಚಿಸುವ ಬದಲು, ನರಕ್ಕೆ ಆರಾಮವನ್ನೇ ಕಲಿಸಿಬಿಟ್ಟರೆ?

ಉತ್ತರವಾಗಿ ಬಂದದ್ದು ಒಂದು ಜೆಲ್. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಸೂಜಿಯಿಂದ ಒಳಗಿಳಿದ ಮೇಲೆ ಅವು ನರಕ್ಕೆ ಅಂಟಿ ಕೂತು, ಮೊದಲ ಅರ್ಧ ದಿನ ಬರೀ ಕೇಳಿಸಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನರ ಯಾವ ಲಯದಲ್ಲಿದೆಯೋ ಅದನ್ನು ಕಲಿತು, ಮುಂದೆ ಹಗಲೂ ರಾತ್ರಿ ಅದನ್ನೇ ನರಕ್ಕೆ ಹೇಳಿಕೊಡುತ್ತವೆ. ನರ ಆ ಲಯ ಹಿಡಿದು ಕೂತಿತೆಂದರೆ ನೋವಿನ ಸುದ್ದಿ ಹೋಗಲು ದಾರಿಯೇ ಇರುವುದಿಲ್ಲ. ರೋಗಿಗಳಿಗೆ ತಿಳಿಯಲಿ ಎಂದು ಇಂದುಮತಿ ಹೇಳುತ್ತಿದ್ದಳು: “ಹಾಲಿಗೆ ಹೆಪ್ಪು ಹಾಕಿದಂಗ ತಿಳೀರಿ. ಅಲುಗಾಡಿಸದ ಇಟ್ರ ಮಸರು ಗಟ್ಟಿ ಆಗತೈತಿ.”

ತೊಡಕಿದ್ದದ್ದು ಅಲ್ಲಿಯೇ. ನೋವಿದ್ದವರು ಅಲುಗಾಡದೆ ಇರುವುದುಂಟೆ? ಒಬ್ಬರು ಹೊರಳಿದರು, ಒಬ್ಬರು ನರಳಿದರು, ಒಬ್ಬರು ಎದ್ದೇ ಹೋದರು. ಯಾರ ಮೈಯಲ್ಲೂ ಹೆಪ್ಪು ಗಟ್ಟಿಯಾಗಲಿಲ್ಲ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ಕಲ್ಲವ್ವ ಬಂದಾಗ ಇಂದುಮತಿ ಒಂದು ಉಪಾಯ ಮಾಡಿದಳು. ಬಲಭುಜದಿಂದ ಬೆರಳ ತುದಿಯವರೆಗೆ ಕೆಂಡ ಇಟ್ಟ ಹಾಗೆ ಉರಿಯುವ ಆ ಮುದುಕಿಗೆ ತುಸು ನಿದ್ದೆಯ ಔಷಧ ಕೊಟ್ಟು ಮಲಗಿಸಿದಳು. “ನಿಮ್ಮ ಎಸಿ ಥಂಡಿ ನನಗ ಆಗಂಗಿಲ್ರಿ ಬಾಯಾರ,” ಎಂದು ಕಲ್ಲವ್ವ ಮನೆಯಿಂದ ತಂದ ದಪ್ಪ ಕೌದಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಹೆಪ್ಪು ಗಟ್ಟಿಯಾಯಿತು. ಕಲ್ಲವ್ವನ ನೋವು ಹೋಯಿತು. ವಾರ ಬಿಟ್ಟು ಬಂದವಳು ಡಾಕ್ಟರ ಮೇಜಿನ ಮೇಲೆ ರೊಟ್ಟಿಯ ಗಂಟು, ಶೇಂಗಾಚಟ್ನಿಯ ಡಬ್ಬಿ ಇಟ್ಟು, ಗಲ್ಲ ನೀವಿ, ಬೆರಳು ಮುರಿದು ದೃಷ್ಟಿ ತೆಗೆದಳು. “ನನ್ನ ಕೈ ನನಗ ತಿರುಗಿ ಕೊಟ್ರಿ. ಒಂದಿನ ಯಜಮಾನ್ರನ್ನ ಕರಕೊಂಡು ನಮ್ಮಲ್ಲೆ ಊಟಕ್ಕ ಬರಬೇಕು. ಬರತೇನಿ ಅನ್ನಬ್ಯಾಡ್ರಿ, ಬರ್ರಿ.” ಇಂದುಮತಿ ಬರುತ್ತೇನೆಂದು ಹೇಳಿ ಮರೆತಳು.

ಮರೆಯದೆ ಮಾಡಿದ್ದು ಇನ್ನೊಂದು ಕೆಲಸ. ಮನೆಯಲ್ಲಿ ಹೆಪ್ಪು ಇಲ್ಲದಾಗ ಪಕ್ಕದ ಮನೆಯಿಂದ ಒಂದು ಚಮಚ ಕೇಳಿ ತರುತ್ತೇವಲ್ಲ, ಹಾಗೆಯೇ ಕಲ್ಲವ್ವನ ಆ ಚಂದದ ಗೆರೆಯನ್ನು ಯಂತ್ರದಿಂದ ತೆಗೆದು ಬೇರೆಯವರ ಜೆಲ್ಲಿನೊಳಗೆ ಮೊದಲೇ ತುಂಬಿದಳು. ಇನ್ನು ಯಾರೂ ಅರ್ಧ ದಿನ ಮಲಗಬೇಕಿಲ್ಲ. ಬೆಳಿಗ್ಗೆ ಬಂದು ಚುಚ್ಚಿಸಿಕೊಂಡವರು ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಎರವಲು ಹೆಪ್ಪು ನಿಧಾನವಾಗಿ ಹಿಡಿಯುತ್ತಿತ್ತು, ಆದರೆ ಹಿಡಿಯುತ್ತಿತ್ತು. ಬ್ಯಾಂಕಿನ ಕ್ಯಾಶಿಯರ್, ಹೊಲಿಗೆಯ ಟೀಚರು, ಕುತ್ತಿಗೆಯ ನೋವು ತೋಳಿಗೆ ಇಳಿದಿದ್ದ ವಕೀಲರು, ಎಲ್ಲರೂ ನಗುತ್ತ ಹೋದರು. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಲು ಜಾಗ ಸಾಲದಾಯಿತು.

ಕೊನೆಗೆ ಇಂದುಮತಿಯ ಗಂಡನೇ ಕೇಳಿದ. ಮುರಿಗೆಪ್ಪ ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಸರ್ಪಸುತ್ತು ಬಂದು ವಾಸಿಯಾಗಿದ್ದರೂ ಬಲತೋಳಿನ ಉರಿ ಮಾತ್ರ ಉಳಿದುಬಿಟ್ಟಿತ್ತು. ಅಂಗಿ ತಾಗಿದರೂ ಚೀರುವಂತಾಗುತ್ತಿತ್ತು. ಹೆಂಡತಿಯ ಹಳೆಯ ಇಂಜೆಕ್ಷನ್ನುಗಳೆಲ್ಲ ಆಗಿದ್ದವು.

“ಊರ ಮಂದಿಗೆಲ್ಲ ಕೊಟ್ಟಿ. ನಾ ಏನ ಪಾಪ ಮಾಡೇನಿ?” ಎಂದರು.

“ಮನಿಯವರಿಗೆ ಸೂಜಿ ಹಾಕಾಕ ಕೈ ನಡಗತೈತ್ರಿ,” ಎಂದಳು ಇಂದುಮತಿ. ಆದರೂ ಹಾಕಿದಳು.

ಎರಡನೆಯ ವಾರ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು, ತೋಳು ಸವರಿಕೊಂಡು ಗಳಗಳನೆ ಅತ್ತರು. ಮದುವೆಯಾದ ಮೇಲೆ ಗಂಡ ಅತ್ತದ್ದನ್ನು ಇಂದುಮತಿ ನೋಡಿದ್ದು ಅದೇ ಮೊದಲು. ಅವತ್ತು ಅವಳಿಗೆ ತನ್ನ ವಿದ್ಯೆಯ ಮೇಲೆ ಬಹಳ ಪ್ರೀತಿ ಬಂತು.

ಮುಂದೊಂದು ದಿನ ಊಟಕ್ಕೆ ಕೂತಾಗ ಮಾಸ್ತರ ಬಲಗೈ ಬೆರಳು ಮೇಜಿನ ಮೇಲೆ ಸಣ್ಣಗೆ ಬಡಿಯುತ್ತಿದ್ದವು.

“ಏನ್ರಿ, ಈ ವಯಸ್ಸಿನ್ಯಾಗ ತಬಲಾ ಕಲ್ಯಾಕ ಹತ್ತೀರೇನು?”

“ಏ, ನನಗ ಗೊತ್ತs ಇಲ್ಲ ನೋಡು,” ಎಂದು ಅವರು ನಕ್ಕು ಕೈ ತೆಗೆದರು. ತೆಗೆದ ಕೂಡಲೇ ಮುಖ ಕಿವುಚಿದರು. ಕೈ ಮತ್ತೆ ತಾನಾಗಿ ಮೇಜಿಗೆ ಹೋಯಿತು.

ಬೆರಳಿನಿಂದ ಶುರುವಾದದ್ದು ಅಂಗೈಗೆ ಬಂತು, ಅಂಗೈಯಿಂದ ಭುಜಕ್ಕೆ ಏರಿತು. ಕರಿಹಲಗೆಯ ಮೇಲೆ ಲೆಕ್ಕ ಬರೆಯಲು ಹೋದರೆ ಕೈ ಹಲಗೆಯನ್ನೇ ಬಡಿಯತೊಡಗಿತು. ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು. ಕೈ ಬಡಿಯುತ್ತ ಬಡಿಯುತ್ತ ಒಮ್ಮೆ ನಿಂತು, ಮೇಲೆದ್ದು, ಗಾಳಿಯಲ್ಲಿ ಏನನ್ನೋ ಮಗುಚಿ ಹಾಕಿದ ಹಾಗೆ ತಿರುಗಿ, ಮತ್ತೆ ಕೆಳಗಿಳಿದು ಬಡಿಯುತ್ತಿತ್ತು. ಇಂದುಮತಿ ಗಾಬರಿಯಾಗಿ ಎರಡೂ ಕೈಗಳಿಂದ ಅದನ್ನು ಅದುಮಿ ಹಿಡಿದಳು. ಮಾಸ್ತರು ಹಾಕಿದ ಚೀತ್ಕಾರಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಹೋಗಿದ್ದ ಉರಿಯೆಲ್ಲ ಬಡ್ಡಿ ಸಮೇತ ಮರಳಿತ್ತು. ಕೈ ಬಿಟ್ಟಳು, ಅದು ಬಡಿಯಿತು, ಉರಿ ನಿಂತಿತು.

ಮಿದುಳಿನ ಸ್ಕ್ಯಾನ್ ಮಾಡಿಸಿದಳು. ಏನೂ ಇರಲಿಲ್ಲ. ಭುಜದ ಸ್ಕ್ಯಾನಿನಲ್ಲಿ ಮಾತ್ರ ಬೇರೆಯೇ ಚಿತ್ರ ಬಂತು. ಎಂದೂ ಮೈಬಗ್ಗಿಸಿ ದುಡಿಯದ ಮಾಸ್ತರ ಭುಜದ ಸ್ನಾಯು ಹಗಲೂ ರಾತ್ರಿಯ ಆ ಬಡಿತಕ್ಕೆ ಎಳೆ ಎಳೆಯಾಗಿ ಹರಿಯುತ್ತಿತ್ತು. ಹೀಗೇ ನಡೆದರೆ ತೋಳು ಕೈಬಿಟ್ಟ ಹಾಗೆಯೇ.

ಕಂಟ್ರೋಲ್ ರೂಮಿಗೆ ಬಂದರೆ ದಾದಾಪೀರ ಕಾಯುತ್ತ ನಿಂತಿದ್ದ. ಅವನ ಮುಖದಲ್ಲಿ ಗೆಲುವಿರಲಿಲ್ಲ.

“ಮೇಡಂ, ಕ್ಯಾಶಿಯರ್ ಫೋನ್ ಮಾಡಿದ್ರು. ನೋಟು ಎಣಸಾಕ ಕುಂತ್ರ ಕೈ ಟೇಬಲ್ ಬಡೀತೈತಂತ. ಹೊಲಿಗಿ ಟೀಚರ್ ಹೊರಗ ಕುಂತಾರ, ಅವರಿಗೂ ಹಂಗs. ವಕೀಲರಿಗೆ ಜಡ್ಜ್ ಸಾಹೇಬ್ರು ಹೊರಗ ಹೋಗು ಅಂದಾರಂತ.”

ಇಂದುಮತಿ ಗಂಡನ ಹೆಸರಿನ ಕೆಳಗೆ ಆ ಮೂವರ ಹೆಸರನ್ನೂ ಬರೆದಳು. ಎಲ್ಲರಿಗೂ ಒಂದೇ ರೋಗ ಬಂದದ್ದಲ್ಲ, ತಾನೇ ಕೊಟ್ಟದ್ದು ಎಂಬಷ್ಟು ತಿಳಿಯಿತು. ಕೊಟ್ಟದ್ದು ಏನನ್ನು ಎಂಬುದು ಮಾತ್ರ ತಿಳಿಯಲಿಲ್ಲ.

ಅದು ತಿಳಿದದ್ದು ಖಾನಾವಳಿಯಲ್ಲಿ. ಮಾಸ್ತರಿಗೆ ತುತ್ತು ಎತ್ತಲು ಬರುತ್ತಿರಲಿಲ್ಲ. ಹೆಂಡತಿ ಉಣಿಸಲು ಹೋದರೆ ನಾಚಿಕೆ, ಸಿಟ್ಟು, ಅರ್ಧ ಹೊಟ್ಟೆ. ಕಲ್ಲವ್ವನ ಸೊಸೆ ರೇಣವ್ವ ಮತ್ತೆ ಕರೆಯಲು ಬಂದಾಗ, ಬಿಸಿರೊಟ್ಟಿ ಕಂಡರೆ ಗಂಡ ನಾಲ್ಕು ತುತ್ತು ಹೆಚ್ಚು ಉಂಡಾರೆಂದು ಇಂದುಮತಿ ಅವರನ್ನು ಕರೆದುಕೊಂಡು ಹೋದಳು. ಮಾಸ್ತರು ಬಲಗೈ ಮೇಲೆ ಶಾಲು ಹೊದ್ದು, ಮೂಲೆಯ ಮೇಜು ಹಿಡಿದು ಕೂತರು. ಶಾಲಿನ ಕೆಳಗೆ ಕೈ ಬಡಿಯುತ್ತಲೇ ಇತ್ತು.

“ಬಂದ್ರೇನ್ರಿ ಬಾಯಾರ! ಕುಂದ್ರರಿ, ಬಿಸಿ ಬಿಸಿ ಬಡದು ಹಾಕತೇನಿ,” ಎಂದು ಒಳಗಿನಿಂದ ಕಲ್ಲವ್ವ ಕೂಗಿದಳು. ನಾದಿದ ಜೋಳದ ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಬಿತ್ತು.

ಟಪ್ ಟಪ್ ಟಪ್ ಟಪ್.

ಇಂದುಮತಿ ನೀರಿನ ಲೋಟ ಎತ್ತಿದವಳು ಹಾಗೆಯೇ ನಿಂತಳು. ಆ ಸದ್ದು ಅವಳಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಕಂಟ್ರೋಲ್ ರೂಮಿನಲ್ಲಿ ಕೇಳಿದ್ದಳು, ಸ್ಟೇರಿಂಗ್ ಹಿಡಿದು ಗುನುಗಿದ್ದಳು, ಬೇರೆ ಡಾಕ್ಟರುಗಳ ಸಭೆಯಲ್ಲಿ ಹೆಮ್ಮೆಯಿಂದ ಕೇಳಿಸಿದ್ದಳು. ಒಳಗೆ ಕಲ್ಲವ್ವನ ಅಂಗೈ ಕಲ್ಲಿನ ಮೇಲೆ, ಹೊರಗೆ ಮಾಸ್ತರ ಅಂಗೈ ಮೇಜಿನ ಮೇಲೆ, ಎರಡೂ ಒಂದೇ ಏಟಿಗೆ ಬೀಳುತ್ತಿದ್ದವು. ಬಿಡುವು ಬಂತು. ಒಳಗೆ ಕಲ್ಲವ್ವ ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕಿದಳು. ಹೊರಗೆ ಮಾಸ್ತರ ಕೈ ಶಾಲು ಕೊಡವಿ ಮೇಲೆದ್ದು, ಗಾಳಿಯಲ್ಲಿ ಮಗುಚಿ, ಇಲ್ಲದ ಹಂಚಿನ ಮೇಲೆ ಇಲ್ಲದ ರೊಟ್ಟಿಯನ್ನು ಹಾಕಿತು.

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಇಂದುಮತಿಯ ಕೈಯಿಂದ ಲೋಟ ಜಾರಿ ಬಿತ್ತು. ಅವಳು ಅಡುಗೆಮನೆಗೆ ಓಡಿದಳು.

“ಕಲ್ಲವ್ವಾ, ಅವತ್ತು ಆಸ್ಪತ್ರ್ಯಾಗ ಮಲಗಿದಾಗ ಕೈ ಏನ ಮಾಡಿದ್ರಿ?”

“ಏನ ಮಾಡಲ್ರಿ? ನಿದ್ದಿ ಹತ್ತಿತ್ತಲ್ರಿ.”

ರೇಣವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ನಮ್ಮ ಅತ್ತಿ ನಿದ್ದ್ಯಾಗೂ ರೊಟ್ಟಿ ಬಡೀತಾಳ್ರಿ ಬಾಯಾರ. ಕೌದಿ ಹೊಚಗೊಂಡ್ಲಂದ್ರ ಚಾಲೂ. ಸಣ್ಣ ಹುಡುಗರು ಅಜ್ಜಿ ಬಾಜೂಕ ಮಲಗಾಕ ಒಲ್ಲೆ ಅಂತಾವ. ನಿಮಗ ಗೊತ್ತಾಗಲಿಲ್ಲೇನ್ರಿ?”

ಗೊತ್ತಾಗಿರಲಿಲ್ಲ. ಅಷ್ಟೆಲ್ಲ ಗೆರೆ ಓದಿದವಳಿಗೆ ಗೊತ್ತಾಗಿರಲಿಲ್ಲ. ಆರಾಮವೆಂದು ಜಗತ್ತಿಗೆ ತೋರಿಸಿದ್ದು, ನಿದ್ದೆಯಲ್ಲೂ ಬಿಡುವಿಲ್ಲದ ಒಬ್ಬ ಮುದುಕಿಯ ದುಡಿಮೆಯಾಗಿತ್ತು. ಆ ದುಡಿಮೆಯನ್ನು ಚಮಚ ಚಮಚವಾಗಿ ತೆಗೆದು ಊರಿನ ತೋಳುಗಳಿಗೆಲ್ಲ ಚುಚ್ಚಿದ್ದಳು. ಕಲ್ಲವ್ವನ ತೋಳಿಗೆ ಆ ಲಯ ತನ್ನದೇ ಆದ್ದರಿಂದ ಬೇಕೆಂದಾಗ ಬಡಿದು ಬೇಡವೆಂದಾಗ ಬಿಡುತ್ತಿತ್ತು, ಬೇರೆಯವರ ತೋಳಿಗೆ ಅದು ಬಿಡಿಸಲಾಗದ ಅಪ್ಪಣೆಯಾಗಿತ್ತು. ಇಂದುಮತಿ ಅಡುಗೆಮನೆಯ ಗೋಡೆ ಹಿಡಿದು ನಿಂತಳು.

ಕಲ್ಲವ್ವ ಹಿಟ್ಟಿನ ಕೈಯಲ್ಲೇ ಹೊರಬಂದು ಮಾಸ್ತರ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

“ಅಯ್ಯ ಶಿವನs! ಇದು ನನ್ನ ಕೈ ಅಲ್ರಿ?” ಎಂದವಳ ಕಣ್ಣಲ್ಲಿ ನೀರು ಬಂತು. “ಹಿಂಗ ಎಷ್ಟ ಮಂದಿ ಅದಾರ್ರಿ? ಎಷ್ಟ ಕೈ ಬಡಿದ್ರೂ ಒಂದು ರೊಟ್ಟಿ ಹುಟ್ಟಲಿಲ್ಲಲ್ರಿ!”

ಮರುದಿನದಿಂದ ಇಂದುಮತಿ ಅನ್ನ ನೀರು ಮರೆತಳು. ಜೆಲ್ಲನ್ನು ಹೊರಗೆ ತೆಗೆಯುವಂತಿರಲಿಲ್ಲ. ಹಳೆಯ ಲಯದ ಮೇಲೆ ಹೊಸದೊಂದನ್ನು ಕಲಿಸಬಹುದಿತ್ತು. ಅದಕ್ಕೆ ಬೇಕಾದದ್ದು ನಿಜವಾದ ಆರಾಮ. ನಿದ್ದೆಯನ್ನು ಅವಳು ಇನ್ನು ನಂಬುವಂತಿರಲಿಲ್ಲ. ಒಬ್ಬರು ಎಚ್ಚರವಿದ್ದು, ಕೈ ಅಲುಗಿಸದೆ, ಅರ್ಧ ದಿನ ಮಲಗಬೇಕು. ಕೈ ನಿಂತರೆ ಉರಿ. ಆ ಉರಿಯನ್ನು ಹಲ್ಲು ಕಚ್ಚಿ ತಡೆಯಬೇಕು. ತಡೆದರೆ ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗುತ್ತದೆ, ಅದೇ ಎಲ್ಲರಿಗೂ ಹೊಸ ಹೆಪ್ಪಾಗುತ್ತದೆ.

“ನಾ ಮಲಗತೇನಿ,” ಎಂದರು ಮಾಸ್ತರು.

“ಭಾಳ ಉರೀತೈತ್ರಿ.”

“ಬಡಕೋತ ಕುಂತ್ರ ತೋಳು ಹರದು ಹೋಗತೈತಿ ಅಂತ ನೀನs ಹೇಳಿದೆಲ್ಲ? ಒಂದಿನದ್ದು ಹೋಗಲಿ ಬಿಡು.”

ಬೆಳಿಗ್ಗೆ ಅವಳೇ ಸೂಜಿ ಹಾಕಿದಳು. ಈ ಸಲ ಚಾದರವೂ ಇರಲಿಲ್ಲ. ಮಾಸ್ತರು ಬೆರಳು ಚಾಚಿ ಕೈಯನ್ನು ಹಾಸಿಗೆಯ ಮೇಲಿಟ್ಟು ಮಗ್ಗಿ ಹೇಳತೊಡಗಿದರು. ಎರಡರ ಮಗ್ಗಿ, ಮೂರರ ಮಗ್ಗಿ, ಮುಂದೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ದನಿ ನಡುಗಿತು, ಬೆವರು ದಿಂಬಿಗಿಳಿಯಿತು, ತುಟಿ ಕಚ್ಚಿ ರಕ್ತ ಬಂತು. ಕೈ ಅಲುಗಲಿಲ್ಲ. ಗಾಜಿನ ಈಚೆ ಇಂದುಮತಿ ಅಳುತ್ತ ಪರದೆ ನೋಡಿದಳು. ಏಳುತ್ತಿದ್ದ ಗೆರೆ ತಗ್ಗಿತು, ಇನ್ನೂ ತಗ್ಗಿತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ನೆಟ್ಟನೆಯ ಗೆರೆ ಉಳಿಯಿತು. ಯಂತ್ರದ ಟಪ್ ಟಪ್ ನಿಂತಿತು.

“ಉರಿ ಹೋತು,” ಎಂದರು ಮಾಸ್ತರು. “ಸುಯ್ ಅಂತ ಹೋಗೇಬಿಡ್ತು ನೋಡು, ಇಂದು.”

ಇಂದುಮತಿ ಕಣ್ಣೊರೆಸಿಕೊಂಡು ನಕ್ಕಳು. ಪಕ್ಕದ ವಾರ್ಡಿನಲ್ಲಿ ಕ್ಯಾಶಿಯರ್, ಟೀಚರು, ವಕೀಲರು, ಮತ್ತೆಷ್ಟೋ ಜನ ಸಾಲಾಗಿ ಕೂತಿದ್ದರು. ಅವರ ಕೈಗಳು ಮಂಚದ ಕಬ್ಬಿಣವನ್ನು ಬಡಿಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ದಾದಾಪೀರ ನೆಟ್ಟನೆಯ ಗೆರೆಯನ್ನು ಹೊಸ ಜೆಲ್ಲಿಗೆ ತುಂಬಿದ. ಜೂನಿಯರ್ ಡಾಕ್ಟರುಗಳು ಸೂಜಿಯ ಟ್ರೇ ಹಿಡಿದು ನಿಂತರು.

“ಚಾಲೂ ಮಾಡೂನೇನ್ರಿ ಮೇಡಂ?” ದಾದಾಪೀರ ಮೈಕಿನಲ್ಲಿ ಕೇಳಿದ.

“ಒಂದ ನಿಮಿಷ,” ಎಂದು ಇಂದುಮತಿ ನೀರಿನ ಲೋಟ ಹಿಡಿದು ಗಂಡನ ಹತ್ತಿರ ಹೋದಳು. “ತಗೋರಿ. ನಿಮ್ಮ ಕೈಲೇನs ಕುಡೀರಿ.”

ಮಾಸ್ತರು ಕೈ ಚಾಚಿದರು. ಚಾಚಿದೆನೆಂದು ಅವರು ಅಂದುಕೊಂಡಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೈ ಹಾಸಿಗೆಯ ಮೇಲೆ ಇದ್ದಲ್ಲೇ ಇತ್ತು.

“ಇಂದು, ಕೈ ಏಳವಲ್ದು.”

“ಜೋಮು ಹಿಡಿದಿರಬೇಕ್ರಿ. ಬೆರಳು ಆಡಸ್ರಿ.”

“ಆಡಸಾಕ ಹತ್ತೇನಿ.”

ಬೆರಳು ಆಡಲಿಲ್ಲ. ಅವಳು ಕೈಯನ್ನು ಎತ್ತಿ ಬಿಟ್ಟಳು. ಅದು ಧೊಪ್ಪೆಂದು ಬಿತ್ತು. ಉಗುರಿನಿಂದ ಚಿವುಟಿದಳು. ಮಾಸ್ತರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಚಿವುಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಎರವಲು ಹೆಪ್ಪು ಮೆಲ್ಲಗೆ ಹಿಡಿದಿತ್ತು, ಸ್ವಂತದ ಹೆಪ್ಪು ಒಂದೇ ಹಗಲಿಗೆ ಗಟ್ಟಿಯಾಗಿತ್ತು. ಸುಮ್ಮನಿರುವುದನ್ನು ನರ ಕಲಿತೇಬಿಟ್ಟಿತ್ತು. ನೋವಿನ ಸುದ್ದಿ ಹೋಗುವ ದಾರಿಯ ಜೊತೆಗೆ ಮನಸ್ಸಿನ ಅಪ್ಪಣೆ ಬರುವ ದಾರಿಯೂ ಮುಚ್ಚಿತ್ತು.

ಇಂದುಮತಿ ಗಾಜಿನಾಚೆಯ ಪರದೆಯತ್ತ ತಿರುಗಿದಳು. ಅವತ್ತು ಕಲ್ಲವ್ವ ತಾನು ಹೇಳಿದಂತೆ ಕೈ ಅಲುಗಿಸದೆ ಮಲಗಿದ್ದಿದ್ದರೆ? ಆ ನೆಟ್ಟನೆಯ ಗೆರೆಯನ್ನೇ ತಾನು ಹೆಮ್ಮೆಯಿಂದ ಎಲ್ಲರಿಗೂ ಚುಚ್ಚಿದ್ದಿದ್ದರೆ? ನಿದ್ದೆಯಲ್ಲಿ ಬಡಿದ ಆ ರೊಟ್ಟಿ ಇಷ್ಟು ಜನರ ತೋಳನ್ನು ಉಳಿಸಿತ್ತು, ಕಲ್ಲವ್ವನದನ್ನೂ ಸೇರಿಸಿ.

“ಮೇಡಂ, ಚಾಲೂ ಮಾಡೂನ್ರಿ? ಮೊದಲು ಕ್ಯಾಶಿಯರ್ ಸಾಹೇಬ್ರು ತೋಳು ಒರಸ್ಕೊಂಡು ಕುಂತಾರ.”

ಇಂದುಮತಿ ಬಾಗಿಲು ತಳ್ಳಿದಳು. ವಾರ್ಡಿಗೆ ಓಡಿದಳು. ಕ್ಯಾಶಿಯರ್‌ನ ತೋಳಿಗೆ, ಒಪ್ಪಿಗೆಗೆ ಕಾಯದ ಜೂನಿಯರ್ ಡಾಕ್ಟರ ಸೂಜಿ ತಾಗುವುದರಲ್ಲಿತ್ತು. ಟ್ರೇ ಕಸಿದುಕೊಂಡು ನೆಲಕ್ಕೆ ಎಸೆದಳು. ಸಿರಿಂಜುಗಳು ಮಂಚದ ಕೆಳಗೆಲ್ಲ ಉರುಳಿದವು.

“ಬ್ಯಾಡ! ಯಾರಿಗೂ ಬ್ಯಾಡ!” ಎಂದಳು. ಎಲ್ಲರೂ ಕಣ್ಣು ಕಣ್ಣು ಬಿಟ್ಟು ನೋಡಿದರು. ಅವರ ಕೈಗಳು ಮಾತ್ರ ಮಂಚ ಬಡಿಯುತ್ತಲೇ ಇದ್ದವು.

“ಮತ್ತ ನಮ್ಮ ಗತಿ ಏನ್ರಿ ಡಾಕ್ಟರ?” ಎಂದು ಹೊಲಿಗೆಯ ಟೀಚರು ಕೇಳಿದರು.

“ನನಗ ಗೊತ್ತಿಲ್ರಿ,” ಎಂದಳು ಇಂದುಮತಿ. ಹಾಗೆ ಹೇಳಿದ್ದು ಅವಳ ಡಾಕ್ಟರಿಕೆಯಲ್ಲೇ ಮೊದಲು. “ಹುಡುಕತೇನಿ. ಅಲ್ಲೀತನಾ ನಿಮ್ಮ ತೋಳು ನಿಮ್ಮ ಮಾತು ಕೇಳಲಿಲ್ಲಂದ್ರೂ ಜೀವಂತ ಅದಾವು. ಹಂಗs ಇರಲಿ.”

ಮರಳಿ ಬಂದು ಶೀತಪೆಟ್ಟಿಗೆ ತೆರೆದಳು. ಕಲ್ಲವ್ವನ ಹೆಪ್ಪು ತುಂಬಿದ ಹಳೆಯ ಸಿರಿಂಜು ಒಂದೇ ಒಂದು ಉಳಿದಿತ್ತು. ಗಂಡನ ಮುಂದೆ ಹಿಡಿದಳು.

“ಹಾಕಲೇನ್ರಿ? ನರ ಒಮ್ಮೆ ಕಲತ ಲಯ, ಲಗೂನ ನೆನಪಾದ್ರೂ ಆದೀತು. ಆದ್ರ ಹಿಡಿದೀತೋ ಇಲ್ಲೋ ಗೊತ್ತಿಲ್ಲ. ಹಿಡಿದ್ರ ಮತ್ತ ಅದs ಬಡಿತ. ಭುಜ ಹರೀದಂಗ ಪಟ್ಟಿ ಕಟ್ಟಿ ಕಾಯ್ತೇನಿ.”

ಮಾಸ್ತರು ತಮ್ಮ ಕೈಯನ್ನು ನೋಡಿದರು. ಬೇರೆ ಯಾರದೋ ಕೈಯನ್ನು ಮಗ್ಗುಲಲ್ಲಿ ಇಟ್ಟು ಹೋದಂತಿತ್ತು. “ಹಾಕು,” ಎಂದರು. “ರೊಟ್ಟಿ ಬಡಿಯೋ ಕೈಯಾದ್ರೂ ಇರಲಿ.”

ಸೂಜಿ ಹಾಕಿ ಅವಳು ಮಂಚದ ಪಕ್ಕದಲ್ಲಿ ಕೂತಳು. ದಾದಾಪೀರ ಯಂತ್ರ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ಸುದ್ದಿ ಕೇಳಿ ಬಂದ ಕಲ್ಲವ್ವ ನೆಲದ ಮೇಲೆ ಕೂತು, ಯಾರೂ ಹೇಳದಿದ್ದರೂ ನೆಲವನ್ನು ಮೆಲ್ಲಗೆ ಬಡಿಯತೊಡಗಿದಳು, ಕೂಸನ್ನು ತಟ್ಟಿ ಎಬ್ಬಿಸುವವಳ ಹಾಗೆ. ಸಂಜೆಯಾಯಿತು. ಪರದೆಯ ಮೇಲೆ ಗೆರೆ ನೆಟ್ಟಗೇ ಇತ್ತು. ಇಂದುಮತಿ ಗಂಡನ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಯಾವ ಸದ್ದಿಗೆ ಹೆದರಿ ದಿನಗಳನ್ನು ಕಳೆದಿದ್ದಳೋ ಅದೇ ಸದ್ದಿಗಾಗಿ ಬೇಡಿಕೊಂಡಳು.

ಕಿರುಬೆರಳು ಅವಳ ಅಂಗೈಯನ್ನು ಒಮ್ಮೆ ತಟ್ಟಿತು.

ಟಪ್.